ಬಾಣದ ಗುರುತಿನ ಟೈರು

ಢಮ್!

ಹಿಂದಿನ ಟೈರು ಸಿಡಿಯಿತು. ಮೋಟಾರ್‌ಸೈಕಲ್ ಎಡಕ್ಕೆ ಎಳೆಯಿತು... ಬಲಕ್ಕೆ ಎಳೆಯಿತು... ಎದುರಿಗೆ ಹುಣಸೆ ಮರದ ಬೊಡ್ಡೆ!

ಹಿಂದೆ ಕೂತಿದ್ದ ಹೆಂಗಸು ನನ್ನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದಳು.

"ಓರಿ ನಾಯನಾ! ಸಾಯಿಸ್ತೀಯೇನೋ?"

"ಗಟ್ಟಿಯಾಗಿ ಹಿಡ್ಕೊಳ್ಳಮ್ಮಾ!"

ಬ್ರೇಕ್ ಒತ್ತಲಿಲ್ಲ. ಒತ್ತಿದ್ದರೆ ನಿಮಗೆ ಈ ಕತೆ ಬೇರೆ ಯಾರಾದರೂ ಹೇಳಬೇಕಾಗಿತ್ತು. ಪೆಟ್ರೋಲ್ ಕಡಿಮೆ ಮಾಡಿ ಹ್ಯಾಂಡಲ್ ನೇರ ಹಿಡಿದೆ. ಮರ ನನ್ನ ಮೊಣಕಾಲು ಸವರಿಕೊಂಡು ಹೋಯಿತು. ಗಾಡಿ ಹೊಲದ ಬದುವಿಗೆ ಮುಗ್ಗರಿಸಿ ನಿಂತಿತು.

ತಿರುಗಿ ನೋಡಿದೆ. ರಾಯಲ್ಪಾಡಿನಿಂದ ನಮ್ಮ ಬೆನ್ನು ಹತ್ತಿದ್ದ ಕರಿಯ ಕಾರೂ ನಿಂತಿತ್ತು. ಫರ್ಲಾಂಗಿನಷ್ಟು ಹಿಂದೆ.

ನಮ್ಮನ್ನು ಹಿಡಿಯಲು ಯಾರೂ ಇಳಿಯಲಿಲ್ಲ. ಸುಮ್ಮನೆ ನೋಡುತ್ತಿದ್ದರು.

ಅದು ನನಗೆ ಹಿಡಿಸಲಿಲ್ಲ.

ನನ್ನ ಹೆಸರು ರಾಮಚಂದ್ರಪ್ಪ. ಬೆಂಗಳೂರಿನ ಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದೆ. ಯುದ್ಧ ಬಂತು, ಕಾಗದ ಸಿಗಲಿಲ್ಲ, ಪತ್ರಿಕೆ ತೆಳ್ಳಗಾಯಿತು, ನಾನು ಹೊರಗೆ ಬಿದ್ದೆ. ಈಗ ಕೋಲಾರದ ವಕೀಲರಿಗೆ ಸಾಕ್ಷಿಗಳನ್ನು ಹುಡುಕಿಕೊಡುತ್ತೇನೆ. ಕೆಲವು ಸಾಕ್ಷಿಗಳು ತಾವೇ ಬರುತ್ತಾರೆ. ಕೆಲವರನ್ನು ಹೋಗಿ ತರಬೇಕು.

ಅದು 1943ರ ಮೇ ತಿಂಗಳು. ಜಪಾನಿನವರು ಮಲಯವನ್ನು ನುಂಗಿದ್ದರು. ಅದರ ಜೊತೆಗೆ ನಮ್ಮ ರಬ್ಬರನ್ನೂ. ಹೊಸ ಟೈರು ಬೇಕೆಂದರೆ ಪರ್ಮಿಟ್ ಬೇಕು. ಪರ್ಮಿಟ್ ಬೇಕೆಂದರೆ ಪುಣ್ಯ ಮಾಡಿರಬೇಕು.

ಮಾಲೂರು ಕಡೆಯ ಲಕ್ಕೂರಿನ ಲಾರಿ ಡ್ರೈವರ್ ಮುನಿಯಲ್ಲಪ್ಪ ಆಗ ಜೈಲಿನಲ್ಲಿದ್ದ. ಮಿಲಿಟರಿ ಟೈರುಗಳನ್ನು ಕದ್ದು ಸಾಗಿಸಿದ ಆರೋಪ. ನಿಜಕ್ಕೂ ಕದ್ದವನು ಅವನ ಧಣಿ, ಬಸ್ ಮಾಲೀಕ ದೊಡ್ಡನಾರಾಯಣಪ್ಪ. ಆ ದಿನ ಲಾರಿ ಓಡಿಸಿದವನು ಧಣಿಯ ಭಾವಮೈದ ವೆಂಕಟರಮಣಪ್ಪ. ರಾಯಲ್ಪಾಡಿನ ಮಾವಿನ ತೋಪಿನಲ್ಲಿ ಟೈರುಗಳನ್ನು ಇಳಿಸಿ ಹುಲ್ಲಿನ ಮೆದೆಯೊಳಗೆ ಬಚ್ಚಿಟ್ಟಿದ್ದನ್ನು ಕಣ್ಣಾರೆ ಕಂಡವಳು ಒಬ್ಬಳೇ. ತೋಪು ಕಾಯುವ ಆವಲಮ್ಮ.

ನನ್ನ ಬೆಲ್ಟು ಹಿಡಿದು ಕೂತಿದ್ದವಳು ಅವಳೇ.

ಅವಳು ಆ ಬೆಳಿಗ್ಗೆ ಕೋಲಾರದ ಕೋರ್ಟಿನಲ್ಲಿ ನಿಂತು ಕಂಡದ್ದನ್ನು ಹೇಳಬೇಕು. ಅದೇ ಕಡೆಯ ಅವಕಾಶ. ಇಲ್ಲದಿದ್ದರೆ ಮುನಿಯಲ್ಲಪ್ಪನಿಗೆ ವರ್ಷಗಟ್ಟಲೆ ಜೈಲು.

ಟೈರು ನೋಡಿದೆ. ಲಾಳದ ಮೊಳೆಗಳು. ಒಂದೇ ಇದ್ದಿದ್ದರೆ ಯಾವುದೋ ಎತ್ತಿನ ಕಾಲಿನದು ಅನ್ನುತ್ತಿದ್ದೆ. ಮೂರು ಇದ್ದವು. ಮೂರೂ ಫಳಫಳ ಹೊಸವು, ಯಾರೋ ಮೊದಲೇ ದಾರಿಗೆ ಚೆಲ್ಲಿದ್ದವು. ಟೈರಿನ ಪಕ್ಕ ಹರಿದುಹೋಗಿತ್ತು. ಪಂಕ್ಚರ್ ಹಾಕಿ ಪ್ರಯೋಜನವಿರಲಿಲ್ಲ.

"ಈಗೇನ್ ಮಾಡೋದು?" ಅಂದಳು ಆವಲಮ್ಮ.

"ತಳ್ಳೋದು."

"ನಾನೂನಾ?"

"ನೀನೂನೂ."

"ಒಳ್ಳೇ ಸವಾರಿ ಕಣಯ್ಯಾ ನಿಂದು!"

ತಳ್ಳಿದೆವು. ಶ್ರೀನಿವಾಸಪುರ ಹತ್ತಿರವೇ ಇತ್ತು. ಊರ ಹೊರಗೆ ಮಾವಿನ ಮಂಡಿ, ಮಂಡಿಯ ಪಕ್ಕ ಒಂದೇ ಒಂದು ಗ್ಯಾರೇಜು. ಮಾಲೀಕ ಚನ್ನರಾಯಪ್ಪ ಬಾಗಿಲಲ್ಲೇ ನಿಂತಿದ್ದ. ನೆಂಟರನ್ನು ಕಾಯುವವನ ಹಾಗೆ.

"ಬನ್ನಿ ಸಾರ್, ಬನ್ನಿ! ಹಿಂದಿನ ಟೈರು ಹೋಯ್ತಾ? ಪಾಪ!"

ಗೋಡೆಗೆ ಎರಡು ಟೈರುಗಳನ್ನು ಒರಗಿಸಿಟ್ಟಿದ್ದ. ಒಂದು ರೀಟ್ರೆಡ್. ಅಂದರೆ ಸವೆದ ಟೈರಿನ ಮೇಲೆ ಬೇರೆ ರಬ್ಬರ್ ಪಟ್ಟಿ ಬೇಯಿಸಿ ಅಂಟಿಸಿದ್ದು. ಇನ್ನೊಂದು ಹೊಚ್ಚ ಹೊಸದು. ಯುದ್ಧ ಶುರುವಾದ ಮೇಲೆ ಅಂಥದ್ದನ್ನು ನಾನು ಕಂಡಿರಲಿಲ್ಲ. ಕಚ್ಚುಗಳು ಚೂಪಾಗಿದ್ದವು, ರಬ್ಬರ್ ವಾಸನೆ ಇನ್ನೂ ಬರುತ್ತಿತ್ತು...

ನಿಜ ಹೇಳುತ್ತೇನೆ. ಬಾಯಲ್ಲಿ ನೀರೂರಿತು.

"ಈ ರೀಟ್ರೆಡ್ಡು ಚೀಪ್ ಮಾಲು ಸಾರ್. ಸುಗಟೂರು ದಾಟಿದ್ರೆ ನಿಮ್ಮ ಅದೃಷ್ಟ. ಬಿಸಿಲಿಗೆ ಬಿಚ್ಕೊಂಡ್ ಹೋಗ್ತದೆ. ಇದು ನೋಡಿ... ಫಸ್ಟ್ ಕ್ಲಾಸ್! ಮದ್ರಾಸ್‌ಗೆ ಹೋಗಿ ವಾಪಸ್ ಬರ್ಬೋದು!"

"ಪರ್ಮಿಟ್?"

"ನಮ್ ನಮ್ಮೋರಲ್ಲಿ ಎಂಥ ಪರ್ಮಿಟ್ ಸಾರ್!"

"ರೇಟು?"

"ಎರಡಕ್ಕೂ ಒಂದೇ ರೇಟು ತಗೊಳ್ಳಿ. ಜೊತೇಲಿ ಹೆಣ್ಣೆಂಗ್ಸು ಅವ್ರೆ, ದೂರ ಬೇರೆ ಹೋಗ್ಬೇಕು..."

ಪತ್ರಿಕೆಯ ಕೆಲಸ ಒಂದು ಅಭ್ಯಾಸ ಕಲಿಸುತ್ತದೆ. ಮಾತನ್ನು ಬಿಟ್ಟು ಸಂಗತಿಗಳನ್ನು ಜೋಡಿಸುವುದು. ಕಾರು ನಮ್ಮನ್ನು ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಮೊಳೆಗಳು ಹೊಸವು. ಇವನು ನನ್ನ ಟೈರಿನ ಸೈಜ್ ಕೇಳಲೇ ಇಲ್ಲ. ದೂರ ಹೋಗಬೇಕೆಂದು ನಾನು ಹೇಳಿರಲಿಲ್ಲ. ಮೇಲಾಗಿ, ಚಿನ್ನದ ಬೆಲೆಯ ಮಾಲನ್ನು ತಗಡಿನ ಬೆಲೆಗೆ ಕೊಡುತ್ತಿದ್ದಾನೆ.

ಸೀಮೆಎಣ್ಣೆಯ ಬಟ್ಟೆ ಎತ್ತಿಕೊಂಡು ಹೊಸ ಟೈರಿನ ಪಕ್ಕವನ್ನು ಉಜ್ಜಿದೆ.

"ಏನ್ ಸಾರ್, ಅದ್ಯಾಕ್ ಸಾರ್..."

ಕಪ್ಪು ಬಣ್ಣ ಬಟ್ಟೆಗೆ ಬಂತು. ಬಣ್ಣದ ಕೆಳಗೆ ಒಂದು ಬಾಣ. ಮಿಲಿಟರಿ ಮಾಲಿಗೆ ಸರ್ಕಾರ ಒತ್ತುವ ಗುರುತು.

"ಏಮಯ್ಯಾ ಅದು?" ಅಂದಳು ಆವಲಮ್ಮ.

"ಜೈಲಿನ ಟಿಕೆಟ್ಟಮ್ಮಾ."

"ಯಾರ್ಗೆ?"

"ನನಗೆ, ನಿಂಗೆ, ಮುನಿಯಲ್ಲಪ್ಪನಿಗೆ. ಮೂವರಿಗೂ ಒಂದೇ ಟಿಕೆಟ್ಟು."

ಲೆಕ್ಕ ಸುಲಭವಾಗಿತ್ತು. ಸಾಕ್ಷಿಯನ್ನು ದಾರಿಯಲ್ಲಿ ಎತ್ತಿಕೊಂಡು ಹೋದರೆ ವಕೀಲರು ಕೋರ್ಟಿನಲ್ಲಿ ಕೂಗಾಡುತ್ತಾರೆ. ಅದರ ಬದಲು ಅವಳೇ ಕದ್ದ ಟೈರಿನ ಮೇಲೆ ಕೂತು ಕೋರ್ಟಿಗೆ ಬಂದರೆ? ಅವಳೂ ಕಳ್ಳರ ಗುಂಪಿನವಳು! ಅವಳ ಮಾತಿಗೆ ಆಮೇಲೆ ಬೆಲೆಯೇನು?

"ಚನ್ನರಾಯಪ್ಪ, ಹಳೇದನ್ನ ಹಾಕು."

ಅವನ ನಗು ಹೋಯಿತು. ಕೈಗೆ ಟೈರು ಬಿಚ್ಚುವ ಕಬ್ಬಿಣದ ಲಿವರ್ ಬಂತು.

"ಹಳೇದು ಮಾರಕ್ಕಿಲ್ಲ."

"ಈಗ ತಾನೇ ರೇಟ್ ಹೇಳಿದೆಯಲ್ಲ?"

"ಈಗ ಇಲ್ಲ ಅಂತಿದೀನಿ!"

ಲಿವರ್ ನನ್ನ ತಲೆಗೆ ಬಂತು. ಬಗ್ಗಿದೆ. ಅದು ಗೋಡೆಗೆ ಬಡಿದು ಗಾರೆ ಉದುರಿತು. ಅವನ ಮಣಿಕಟ್ಟು ಹಿಡಿದು ತಿರುಚಿದೆ. ಲಿವರ್ ಕೆಳಗೆ ಬಿತ್ತು. ಅವನೂ ಕೆಳಗೆ ಬಿದ್ದ. ಏಳುವಷ್ಟರಲ್ಲಿ ಅವನ ಮೂಗಿನ ಮುಂದೆ ಒಂದು ಕುಡುಗೋಲು ಹೊಳೆಯಿತು.

ಆವಲಮ್ಮ! ಸೊಂಟಕ್ಕೆ ಸಿಕ್ಕಿಸಿಕೊಂಡೇ ಬಂದಿದ್ದಳು. ನನಗೂ ಗೊತ್ತಿರಲಿಲ್ಲ.

"ಲೇ ಚನ್ನರಾಯಾ, ಬೇಗ ಹಾಕೋ. ಬೆಳಗ್ಗಿಂದ ಒಂದು ತುತ್ತು ಮುದ್ದೆ ತಿಂದಿಲ್ಲ. ಹಸಿದಾಗ ನನ್ ಕೈ ನನ್ ಮಾತು ಕೇಳಲ್ಲ."

ಅವನು ಹಾಕಿದ. ಅಷ್ಟು ಬೇಗ ಟೈರು ಹಾಕಿದ್ದನ್ನು ನಾನು ಆಮೇಲೂ ನೋಡಿಲ್ಲ.

ಗಾಳಿ ತುಂಬುತ್ತಿರುವಾಗ ಹೊರಗೆ ಕಾರು ನಿಂತ ಸದ್ದು. ಬಾಗಿಲು ದಬದಬ!

"ಆಯ್ತೇನ್ಲಾ ಚನ್ನರಾಯಾ?" ವೆಂಕಟರಮಣಪ್ಪನ ದನಿ.

ಕುಡುಗೋಲು ಚನ್ನರಾಯಪ್ಪನ ಕತ್ತಿನ ಹತ್ತಿರ ಬಂತು.

"ಆ... ಆಗ್ತಾ ಐತಣ್ಣಾ! ಹೊಸದೇ ಹಾಕ್ತಾ ಇದೀನಿ!"

ಜೇಬಿನಲ್ಲಿ ಕೈಗೆ ಸಿಕ್ಕ ಹಣವನ್ನು ಬೆಂಚಿನ ಮೇಲಿಟ್ಟೆ. ಕದ್ದ ಟೈರಿನ ಕೇಸಿನಲ್ಲಿ ನಾನೇ ಟೈರು ಕದಿಯಬಾರದು. ಗಾಡಿಯನ್ನು ಹಿಂಬಾಗಿಲಿನಿಂದ ಮಂಡಿಯೊಳಗೆ ತಳ್ಳಿದೆವು. ಮಾವಿನ ರಾಶಿಗಳ ನಡುವೆ ಕಿಕ್ ಹೊಡೆದೆ. ಒಂದು... ಎರಡು... ಹತ್ತಿಕೊಂಡಿತು!

ಕೋಲಾರದ ರಸ್ತೆ ಹಿಡಿದೆವು.

ಹಿಂದೆ ಕಾರೂ ಬಂತು. ಈ ಸಲ ದೂರದಲ್ಲಿ ನಿಲ್ಲುವ ಉದ್ದೇಶ ಅದಕ್ಕಿರಲಿಲ್ಲ. ಉಪಾಯ ಕೆಟ್ಟಿತ್ತು. ಉಳಿದದ್ದು ಬಲ.

"ಬಂದ್ರು ನಾಯನಾ!"

"ಎಷ್ಟು ಹತ್ರ?"

"ಅವನ ಮೀಸೆ ಕಾಣ್ತಾ ಐತೆ!"

ಒಂದು ಕಡೆ ಕೆರೆ, ಇನ್ನೊಂದು ಕಡೆ ಗದ್ದೆ. ನಡುವೆ ಕೆರೆ ಏರಿಯ ಮೇಲೆ ಒಂದೇ ಗಾಡಿಯ ದಾರಿ. ಕಾರಿನ ಬಂಪರ್ ನನ್ನ ಮಡ್‌ಗಾರ್ಡಿಗೆ ತಾಗಿತು. ಟಣ್! ಮತ್ತೆ ಟಣ್! ಇನ್ನೊಂದು ತಾಗಿದರೆ ನಾವು ಕೆರೆಯೊಳಗೆ.

ಆಗ ಕೆಳಗಿನಿಂದ ಸದ್ದು ಶುರುವಾಯಿತು.

ಪಟ್... ಪಟ್... ಪಟಪಟಪಟ...

ಚನ್ನರಾಯಪ್ಪ ಒಂದು ವಿಷಯದಲ್ಲಿ ಸುಳ್ಳು ಹೇಳಿರಲಿಲ್ಲ. ರೀಟ್ರೆಡ್ ಬಿಚ್ಚಿಕೊಳ್ಳುತ್ತಿತ್ತು! ಅಂಟಿಸಿದ ಪಟ್ಟಿಯ ಒಂದು ತುದಿ ಎದ್ದು ಮಡ್‌ಗಾರ್ಡನ್ನು ಚಾವಟಿಯಂತೆ ಬಾರಿಸುತ್ತಿತ್ತು.

"ಕಾಲು ಮೇಲೆತ್ತಮ್ಮಾ!"

"ಎಲ್ಲಿಗೆತ್ತಲಿ?"

"ಎಲ್ಲಿಗಾದ್ರೂ!"

ನಿಧಾನಿಸಿದರೆ ಕಾರು ಗುದ್ದುತ್ತದೆ. ಓಡಿಸಿದರೆ ಟೈರು ಹೋಗುತ್ತದೆ. ಓಡಿಸಿದೆ.

ಪಟ್ಟಿ ಪೂರ್ತಿ ಕಿತ್ತುಕೊಂಡು ಹಿಂದಕ್ಕೆ ಹಾರಿತು. ಆಳುದ್ದದ ದಪ್ಪ ರಬ್ಬರ್ ನೇರವಾಗಿ ಕಾರಿನ ಮುಂದಿನ ಗಾಜಿಗೆ!

ಗಾಜು ಒಡೆದ ಸದ್ದು. ವೆಂಕಟರಮಣಪ್ಪನ ಕೂಗು. ಕಾರು ಏರಿಯಿಂದ ಗದ್ದೆಯ ಕಡೆ ಜಾರಿ, ಮೂತಿಯನ್ನು ಕೆಸರಿನಲ್ಲಿ ಹೂತುಕೊಂಡು ನಿಂತಿತು. ಹಿಂದಿನ ಎರಡು ಚಕ್ರ ಗಾಳಿಯಲ್ಲಿ ತಿರುಗುತ್ತಿದ್ದವು.

ಯಾರೂ ಸತ್ತಿರಲಿಲ್ಲ. ಬೈಗುಳ ಸ್ಪಷ್ಟವಾಗಿ ಕೇಳಿಸುತ್ತಿತ್ತು.

"ಎದ್ದು ಬಾರೋ! ಮಾವಿನಕಾಯಿ ಕೊಡ್ತೀನಿ!" ಆವಲಮ್ಮ ಹಿಂದಕ್ಕೆ ತಿರುಗಿ ಕೂಗಿದಳು.

ಸುಗಟೂರಿನ ಹತ್ತಿರ ಟ್ಯೂಬೂ ಹೋಯಿತು. ಟೈರು ಚಿಂದಿಯಾಗಿತ್ತು. ಕೋಲಾರದ ಬೆಟ್ಟ ಕಣ್ಣಿಗೆ ಕಾಣುತ್ತಿತ್ತು. ಕೋರ್ಟಿನ ಹೊತ್ತು ಮೀರುತ್ತಿತ್ತು. ಎದುರಿಗೆ ಮಾವಿನ ಗಾಡಿಯೊಂದು ಬಂತು. ಹಣ್ಣಿನ ಕೆಳಗೆ ಮೆತ್ತಗೆ ಹಾಸಿದ ಭತ್ತದ ಹುಲ್ಲು.

ನಾನು ಹುಲ್ಲನ್ನು ನೋಡಿದೆ. ಆವಲಮ್ಮ ನನ್ನನ್ನು ನೋಡಿದಳು.

"ಟೈರಿಗೆ ಹುಲ್ಲು ತುಂಬ್ತೀಯಾ? ತಲೆ ಸರಿ ಐತಾ?"

"ಬೇರೆ ದಾರಿ ಇದ್ರೆ ಹೇಳು."

ಇರಲಿಲ್ಲ. ಗಾಡಿಯವನು ನಗುತ್ತಲೇ ಹುಲ್ಲು ಕೊಟ್ಟ, ಹಗ್ಗವನ್ನೂ ಕೊಟ್ಟ. ತುಂಬಿದೆವು, ತುಳಿದೆವು, ಸುತ್ತಿ ಕಟ್ಟಿದೆವು. ನಡೆಯುವ ಎತ್ತಿಗಿಂತ ಸ್ವಲ್ಪ ಜೋರಾಗಿ, ಸೊಂಟದ ಮೂಳೆಗಳನ್ನು ಎಣಿಸಿಕೊಳ್ಳುತ್ತಾ ಕೋಲಾರಕ್ಕೆ ಬಂದೆವು.

ಕೋರ್ಟಿನ ಗೇಟಿನಲ್ಲಿ ಇನ್ಸ್‌ಪೆಕ್ಟರ್ ಕಾಯುತ್ತಿದ್ದರು. ಜೊತೆಗೆ ಕಾನ್‌ಸ್ಟೇಬಲ್‌ಗಳು. ಲೈಸೆನ್ಸ್ ಕೇಳಲಿಲ್ಲ, ಹೆಸರು ಕೇಳಲಿಲ್ಲ.

"ನಿಲ್ಸಯ್ಯಾ! ಕದ್ದ ಮಿಲಿಟರಿ ಟೈರು ಹಾಕಿಕೊಂಡು ಬರ್ತಿದೀಯ ಅಂತ ಮಾಹಿತಿ ಬಂದಿದೆ!"

"ನೋಡಿ ಸಾರ್."

ಅವರು ಹಿಂದಿನ ಚಕ್ರದ ಮುಂದೆ ಬಗ್ಗಿದರು. ಹರಿದ ರಬ್ಬರಿನೊಳಗೆ ಬೆರಳು ಹಾಕಿದರು. ಹುಲ್ಲು ಬಂತು. ಎಳೆದರು. ಇನ್ನೂ ಹುಲ್ಲು ಬಂತು.

"ಇದೇನಯ್ಯಾ ಇದು?"

"ಹುಲ್ಲು ಸಾರ್. ಇದಕ್ಕೂ ಪರ್ಮಿಟ್ ಬೇಕಾ?"

ಕಾನ್‌ಸ್ಟೇಬಲ್ ಒಬ್ಬ ಕೆಮ್ಮಿದ ಹಾಗೆ ನಕ್ಕ. ಇನ್ಸ್‌ಪೆಕ್ಟರ್ ಎದ್ದು ಬೆರಳು ಒರೆಸಿಕೊಂಡರು. "ಹೋಗು."

ನಾವು ಒಳಗೆ ಹೋದಾಗ ಮ್ಯಾಜಿಸ್ಟ್ರೇಟರು ಕನ್ನಡಕ ಮಡಿಸುತ್ತಿದ್ದರು. ಕಟಕಟೆಯಲ್ಲಿ ಮುನಿಯಲ್ಲಪ್ಪ ತಲೆ ತಗ್ಗಿಸಿ ನಿಂತಿದ್ದ. ಆವಲಮ್ಮನನ್ನು ಕಂಡು ತಲೆ ಎತ್ತಿದ.

ಅವಳು ಪ್ರಮಾಣ ಮಾಡಿದಳು. ಕಂಡದ್ದನ್ನು ಹೇಳಿದಳು. ಎದುರು ಪಕ್ಷದ ವಕೀಲರು ಎದ್ದರು.

"ಲಾರಿಯಿಂದ ಇಳಿದವನು ವೆಂಕಟರಮಣಪ್ಪನೇ ಅಂತ ಹೇಗೆ ಹೇಳ್ತೀಯಮ್ಮ? ಅಷ್ಟು ದೂರದಿಂದ ಮುಖ ಕಂಡಿತೇ?"

"ಯಾವ ದೂರ ಸ್ವಾಮಿ? ಇಳಿದೋನು ನನ್ನ ಮಾವಿನಕಾಯಿಗೆ ಕೈ ಹಾಕ್ದ. ಕಪಾಳಕ್ಕೊಂದು ಬಿಟ್ಟೆ. ಕಣ್ಣು ಮರೆತ್ರೂ ನನ್ ಕೈ ಆ ಮುಖ ಮರೆಯಕ್ಕಿಲ್ಲ."

ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿದರು. ಆಮೇಲೆ ಅದನ್ನೂ ಬರೆದುಕೊಂಡರು.

ಮಧ್ಯಾಹ್ನದ ಹೊತ್ತಿಗೆ ಮುನಿಯಲ್ಲಪ್ಪನ ಬಿಡುಗಡೆಯಾಯಿತು. ವೆಂಕಟರಮಣಪ್ಪನ ಮೇಲೆ ವಾರಂಟ್ ಹೊರಟಿತು. ಅವನನ್ನು ಹುಡುಕುವುದು ಕಷ್ಟವಿರಲಿಲ್ಲ. ಯಾವ ಗದ್ದೆ ಎಂದು ನಾನೇ ಹೇಳಿದೆ.

ಮುನಿಯಲ್ಲಪ್ಪ ಆವಲಮ್ಮನ ಕಾಲಿಗೆ ಬಗ್ಗಿದ. ಅವಳು ತಡೆದಳು.

"ಕಾಲು ಆಮೇಲೆ ಹಿಡಿವಂತೆ ಕಣೋ. ಮೊದ್ಲು ಹೋಟ್ಲು ಎಲ್ಲೈತೆ ತೋರ್ಸು."

ವರಾಂಡದ ಕಂಬದ ಪಕ್ಕ ದೊಡ್ಡನಾರಾಯಣಪ್ಪ ನಿಂತಿದ್ದ. ರೇಷ್ಮೆ ಪೇಟ, ಬೆಳ್ಳಿ ಕಟ್ಟಿನ ಕೋಲು. ದನಿ ತಣ್ಣಗಿತ್ತು.

"ರಾಮಚಂದ್ರಪ್ಪ, ಆ ಹೊಸ ಟೈರು ಹಾಕಿಸ್ಕೊಂಡಿದ್ರೆ ನಿಂಗೂ ಒಳ್ಳೇದಾಗ್ತಿತ್ತು. ರಸ್ತೆ ಉದ್ದ ಐತೆ. ನೀನು ದಿನಾ ಓಡಾಡ್ಬೇಕು."

"ನೀವೂ ಓಡಾಡ್ಬೇಕಲ್ಲ ಧಣಿ. ಭಾವಮೈದ ಬಾಯಿ ಬಿಡೋದಕ್ಕೆ ಮುಂಚೆ."

ಅವನ ಕೋಲು ನೆಲಕ್ಕೆ ಒಮ್ಮೆ ಕುಟ್ಟಿತು.

ನಾನು ಮೆಟ್ಟಿಲಿಳಿದು ಗಾಡಿಯ ಹತ್ತಿರ ಹೋದೆ.

ಜಟಕಾ ಕುದುರೆಯೊಂದು ನನ್ನ ಟೈರನ್ನು ತಿಂದು ಮುಗಿಸುತ್ತಿತ್ತು.