ತಾನಾಗಿ ತೆರೆಯದ ಡಿಸ್ಕ್

"ಬಂದ್ರಾ? ನಿಮ್ಮ ಹಾರ್ಡ್ ಡಿಸ್ಕ್ ಮತ್ತೆ ಮುನಿಸ್ಕೊಂಡಿದೆ," ಎಂದಳು ಮೇಧಿನಿ, ಬಾಗಿಲಲ್ಲೇ ನಿಂತು.

"ನನ್ನದಲ್ಲ, ನಿಮ್ಮದು," ಎಂದ ವಂಶಿ.

ಅವಳು ನಕ್ಕರೆ ತುಟಿಗಿಂತ ಮೊದಲು ಕಣ್ಣು ನಗುತ್ತಿತ್ತು. ಅದನ್ನು ನೋಡಲೆಂದೇ ಅವನು ಹಳೇಬೀಡಿನ ತನ್ನ ಕಂಪ್ಯೂಟರ್ ಅಂಗಡಿ ಬಿಟ್ಟು ಬಸ್ತಿಹಳ್ಳಿಗೆ ಬೈಕ್ ಓಡಿಸಿಕೊಂಡು ಬರುತ್ತಿದ್ದ.

ಅವಳ ಹಳೆಯ ಲ್ಯಾಪ್‌ಟಾಪಿಗೆ ಲಿನಕ್ಸ್ ತಂತ್ರಾಂಶ ಹಾಕಿಕೊಟ್ಟವನು ಅವನೇ. ಅಜ್ಜಿ ಶ್ರೀರಂಗಮ್ಮನವರ ಹಸೆ ಹಾಡು, ಆರತಿ ಹಾಡುಗಳನ್ನು ರೆಕಾರ್ಡ್ ಮಾಡಿ ಇಟ್ಟುಕೊಳ್ಳಲು ಆ ಡಿಸ್ಕ್ ಜೋಡಿಸಿಕೊಟ್ಟವನೂ ಅವನೇ. ಸಿಕ್ಕಿಸಿದರೆ ಸಾಕು, ತಾನಾಗಿ ತೆರೆದುಕೊಳ್ಳುತ್ತಿತ್ತು. ಹಾಗಾದರೆ ತನ್ನನ್ನು ಇನ್ಯಾಕೆ ಕರೆಯುತ್ತಾಳೆ? ಸೆಟ್ಟಿಂಗಿನಲ್ಲಿ ಒಂದು ಸಾಲು ಸೇರಿಸಿಬಿಟ್ಟ. ಲ್ಯಾಪ್‌ಟಾಪಿನ ಅಡ್ಮಿನ್ ಪಾಸ್‌ವರ್ಡ್ ಕೊಡದೆ ಡಿಸ್ಕ್ ತೆರೆಯದು. ಪಾಸ್‌ವರ್ಡ್ ಗೊತ್ತಿದ್ದದ್ದು ಅವನಿಗೊಬ್ಬನಿಗೇ. "ಡಿಸ್ಕ್ ಸ್ವಲ್ಪ ವೀಕು ಕಣ್ರೀ" ಎಂದು ಸುಳ್ಳು ಹೇಳಿ, ತೆರೆದುಕೊಟ್ಟು, ಕಾಫಿ ಕುಡಿದು ಹೋಗುತ್ತಿದ್ದ.

ಇವತ್ತು ಒಳಗಿನಿಂದ ಹಾಡು ಕೇಳಿಸಿತು. ಅರ್ಧಕ್ಕೇ ನಿಂತಿತು. ಕೆಮ್ಮು. ಮತ್ತೆ ಅದೇ ಸಾಲು.

"ಅಜ್ಜಿಗೆ ಹುಷಾರಿಲ್ವಾ?"

"ಡಿಸ್ಕ್ ಪೂರ್ತಿ ಕೈಕೊಟ್ರೆ ಅಂತ ಭಯ ಆಯ್ತು. ಎಲ್ಲಾ ಹಾಡೂ ಮೊದಲಿಂದ ಹಾಡಿಸಿ ಫೋನಲ್ಲಿ ರೆಕಾರ್ಡ್ ಮಾಡ್ತಿದ್ದೀನಿ. ಗಂಟಲು ಕಟ್ಕೊಂಡಿದೆ, ಸಾಕು ಅಂದ್ರೂ ಕೇಳ್ತಿಲ್ಲ."

ಶ್ರೀರಂಗಮ್ಮ ಕಂಬಕ್ಕೊರಗಿ ಬಿಸಿನೀರಿನ ಲೋಟ ಹಿಡಿದು ಕೂತಿದ್ದರು. "ಬಾಪ್ಪ. ನಿನ್ನ ಡಬ್ಬ ಕೆಟ್ಟೋದ್ರೂ ನಾನಿದೀನಲ್ಲ," ಎಂದರು. ದನಿ ಅರ್ಧ ಹೊರಟಿತು, ಅರ್ಧ ಇಲ್ಲ.

ವಂಶಿಗೆ ಮುಖ ಎತ್ತಲಾಗಲಿಲ್ಲ. ಒಂದು ಲೋಟ ಕಾಫಿಗೆ, ಒಂದು ನಗುವಿಗೆ, ಈ ಹಿರಿಜೀವಕ್ಕೆ ಎಂಥ ಹಿಂಸೆ ಕೊಟ್ಟೆ!

"ಹಾಡ್ಬೇಡಿ ಅಜ್ಜಿ. ಡಿಸ್ಕ್ ಚೆನ್ನಾಗೇ ಇದೆ. ತೆರೀದ ಹಾಗೆ ಮಾಡಿದ್ದು ನಾನು." ಮೇಧಿನಿಯತ್ತ ತಿರುಗಿದ. "ನೀವು ಕರೀಲಿ ಅಂತ. ಬೇರೆ ನೆಪ ಸಿಗಲಿಲ್ಲ ಕಣ್ರೀ. ನೀವಂದ್ರೆ ನನಗೆ ತುಂಬಾ ಇಷ್ಟ. ಆದ್ರೆ ಹೀಗೆ ಮಾಡ್ಬಾರ್ದಿತ್ತು."

ಅವಳು ಲ್ಯಾಪ್‌ಟಾಪನ್ನು ಅವನ ಮುಂದೆ ತಳ್ಳಿದಳು.

ಅವನು ಆ ಸಾಲು ಅಳಿಸಿದ. ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಿ, ಹೊಸದನ್ನು ಅವಳಿಂದಲೇ ಟೈಪ್ ಮಾಡಿಸಿ, ತಾನು ಗೋಡೆಯ ಕಡೆ ಮುಖ ಮಾಡಿ ಕೂತ. ಅವಳು ಡಿಸ್ಕ್ ಸಿಕ್ಕಿಸಿದಳು. ತಾನಾಗಿ ತೆರೆದುಕೊಂಡಿತು. ಗಂಟಲು ಕೆಡುವ ಮುಂಚಿನ ಶ್ರೀರಂಗಮ್ಮನವರ ದನಿ ನಡುಮನೆ ತುಂಬಿತು. ಅಜ್ಜಿ ಕಣ್ಣು ಮುಚ್ಚಿ ಕೇಳಿದರು.

"ಇನ್ನು ನನ್ನನ್ನ ಕರೀಬೇಕಾಗಿಲ್ಲ. ಬರ್ತೀನಿ," ಎಂದು ವಂಶಿ ಎದ್ದ.

"ಅಜ್ಜಿ ಗಂಟಲು ಹಾಳು ಮಾಡಿ ಎಲ್ಲಿಗೆ ಹೊರಟ್ರಿ?" ಅವಳ ಕಣ್ಣು ಕೆಂಪಾಗಿತ್ತು. "ದಿನಾ ಸಂಜೆ ಬಂದು ಕಷಾಯ ಮಾಡ್ಕೊಡ್ಬೇಕು. ಸರಿಹೋಗೋವರೆಗೂ."

"ಸರಿಹೋದ್ಮೇಲೆ?"

ಅವಳು ಅಜ್ಜಿಯ ಲೋಟವನ್ನು ಅವನ ಕೈಗಿತ್ತಳು. ಮೊದಲು ಕಣ್ಣು ನಕ್ಕಿತು.

"ಆಮೇಲೆ ನೆಪ ಇಲ್ದೆ ಬನ್ನಿ."