ಕಾಹಿ ಕಟ್ಟಿದ ಗಂಟುಗಳು

ಬಹಳ ಹಿಂದೆ, ಏಳು ಕಡಲಿನಾಚೆ, ಸುಂಬಾ ಅಂತ ಒಂದು ದ್ವೀಪರಾಜ್ಯ. ಅಲ್ಲಿ ತಮು ಅಂತ ಒಬ್ಬ ಕುದುರೆ ಕಾಯುವವನು. ಅವನ ಹೆಂಡತಿ ಕಾಹಿ ನೇಯುವವಳು.

ಆ ಸೀಮೆಯ ನೇಯ್ಗೆ ಬೇರೆ ಥರ. ಮೊದಲು ನೂಲನ್ನು ಚೌಕಟ್ಟಿಗೆ ಬಿಗಿದು, ತಾಳೆಗರಿಯ ಸೀಳಿನಿಂದ ಅಲ್ಲಲ್ಲಿ ಗಂಟು ಕಟ್ಟುತ್ತಾರೆ. ಆಮೇಲೆ ಬಣ್ಣದಲ್ಲಿ ಅದ್ದುತ್ತಾರೆ. ಗಂಟಿದ್ದ ಕಡೆ ಬಣ್ಣ ಹಿಡಿಯುವುದಿಲ್ಲ. ಬಿಚ್ಚಿ ನೇಯ್ದರೆ ಚಿತ್ತಾರ ಮೂಡುತ್ತದೆ. ಅಲ್ಲಿಯವರೆಗೆ ಅದು ಕಟ್ಟಿದವಳ ತಲೆಯಲ್ಲೇ ಇರುತ್ತದೆ.

ಒಂದು ದಿನ ಆ ದಾರಿಯಲ್ಲಿ ಒಬ್ಬ ಮಾಂತ್ರಿಕ ಬಂದ. ಮುಚ್ಚಿದ ಪೆಟ್ಟಿಗೆಯೊಳಗೂ, ಮಣ್ಣಿನೊಳಗೂ ಅವನಿಗೆ ಕಣ್ಣು ಹೋಗುತ್ತಿತ್ತು. ಕಾಹಿಯ ಗಂಟು ಮಾತ್ರ ತಿಳಿಯಲಿಲ್ಲ.

"ಏನಿದೆ ಇದರಲ್ಲಿ?" ಅಂದ.

"ನೇಯ್ದ ಮೇಲೆ ಬಾರಪ್ಪ, ತೋರಿಸ್ತೀನಿ," ಅಂದಳು ಕಾಹಿ. "ಅಷ್ಟು ಅವಸರ ಇದ್ದರೆ ನೀನೇ ಕೂತು ಕಟ್ಟು."

ಮಾಂತ್ರಿಕನಿಗೆ ಅವಮಾನವಾಯಿತು. ಕೋಲನ್ನು ನೆಲಕ್ಕೆ ಕುಟ್ಟಿದ. ಕಾಹಿ ಕೂತಲ್ಲೇ ಕಲ್ಲಾದಳು.

ತಮು ಓಡಿ ಬಂದ. ಅವಳ ಕೈ ಮುಟ್ಟಿದ. ತಣ್ಣಗಿತ್ತು.

"ಚಿತ್ತಾರ ಏನು ಅಂತ ಹೇಳು," ಅಂದ ಮಾಂತ್ರಿಕ. "ಮೂರು ಸಲ ಹೇಳಬಹುದು. ಸುಳ್ಳಾದರೆ ಈ ಕೋಲು ನಗುತ್ತದೆ. ನಿಜವಾದರೆ ಮುರಿಯುತ್ತದೆ, ನನ್ನ ಮಾಯೆ ಅಲ್ಲಿಗೆ ಮುಗಿಯಿತು. ಮೂರೂ ತಪ್ಪಿದರೆ ಇವಳು ಕಲ್ಲೇ."

ತಮು ನೂಲು ನೋಡಿದ. ಗಂಟು. ಇನ್ನೊಂದು ಗಂಟು. ಏನೂ ತಿಳಿಯಲಿಲ್ಲ. ಇಪ್ಪತ್ತು ವರ್ಷ ಕಣ್ಣೆದುರೇ ಕಟ್ಟಿದ್ದಳು. ಏನು ಕಟ್ಟುತ್ತೀ ಅಂತ ಒಂದು ದಿನವೂ ಕೇಳಿರಲಿಲ್ಲ. ಅಡುಗೆ ಆಯ್ತಾ ಅಂತ ಕೇಳಿದ್ದ, ಅಷ್ಟೇ.

ಅವನಿಗೆ ಗೊತ್ತಿದ್ದದ್ದು ಕುದುರೆ. "ಕುದುರೆ," ಅಂದ.

ಕೋಲು ನಕ್ಕಿತು. ತಮುವಿನ ಎಡಗಾಲು ಕಲ್ಲಾಯಿತು.

ಕಾಲೆಳೆದುಕೊಂಡು ಹೊಳೆಗೆ ಹೋದ. ಅಲ್ಲಿ ಮಾತಾಡುವ ಮೊಸಳೆಯೊಂದಿತ್ತು.

"ಮೊಸಳೆಯಪ್ಪಾ, ನನ್ನ ಹೆಂಡತಿ ನೂಲಲ್ಲಿ ಏನು ಕಟ್ಟಿದ್ದಾಳೆ?"

"ಇನ್ಯಾರನ್ನ? ನನ್ನನ್ನೇ," ಅಂತು ಮೊಸಳೆ. "ರಾಜರ ಬಟ್ಟೆ ತುಂಬ ನಾನೇ ಇರೋದು. ನೋಡೋ ಥರ ಮುಖ ಈ ಹೊಳೇಲಿ ಇನ್ಯಾರಿಗಿದೆ?"

ಹೌದೇನೋ ಅನಿಸಿತು. ಅಲ್ಲವೇನೋ ಅಂತಲೂ ಅನಿಸಿತು. ಬಂದು "ಮೊಸಳೆ" ಅಂದ. ಕೋಲು ಇನ್ನೂ ಜೋರಾಗಿ ನಕ್ಕಿತು. ಬಲಗಾಲೂ ಕಲ್ಲಾಯಿತು.

ಉಳಿದದ್ದು ಒಂದೇ ಸಲ. ಎದ್ದು ಹೋಗಲು ಕಾಲಿಲ್ಲ. ಹೆಂಡತಿಯ ಪಕ್ಕ ಕೂತೇ ಇದ್ದ.

ಆ ಊರಲ್ಲೊಂದು ಪದ್ಧತಿ. ಒಂದು ಮನೆಯ ಕೆಲಸ ಅರ್ಧಕ್ಕೆ ನಿಂತರೆ ಮನೆಗೊಬ್ಬರು ಬಂದು ಕೈ ಹಾಕಬೇಕು, ಕರೆಯದಿದ್ದರೂ. ಬೆಳಿಗ್ಗೆ ಹೆಂಗಸರು ಬಂದರು. ಮುಂದೆ ಮುದುಕಿ ಹಾಪಜ್ಜಿ.

"ಅಜ್ಜೀ, ಏನಿದೆ ಇದರಲ್ಲಿ?" ಅಂದ ತಮು.

ಅವಳು ಬಾಯಿ ಬಿಡುವ ಮೊದಲೇ ಒಬ್ಬಳು ಮರ ಅಂದಳು. "ಮರ ಅಲ್ಲ ಕಣೇ, ಹುಂಜ. ನಿನ್ನ ಕಣ್ಣಿಗೆ ಎಲ್ಲಾ ಮರವೇ," ಅಂದಳು ಇನ್ನೊಬ್ಬಳು. ಮೂರನೆಯವಳು ಜಿಂಕೆ ಅಂದಳು. ತಮುವಿಗೆ ಇದ್ದಬದ್ದ ಬುದ್ಧಿಯೂ ಕಲಸಿಹೋಯಿತು.

ಹಾಪಜ್ಜಿ ಸುಮ್ಮನೆ ನೂಲಿನ ಮೇಲೆ ಬೆರಳಾಡಿಸಿದಳು. ಆಮೇಲೆ ಗೊಣಗಿದಳು: "ಬಾಯಿ ಮುಚ್ಚಿ ಎಲ್ಲರೂ. ಏನು ಅಂತ ಹೇಳ್ತೀರಿ? ಕೆಳಗಿನ ಅರ್ಧ ಬರೀ ನೂಲು. ಗಂಟೇ ಬಿದ್ದಿಲ್ಲ."

"ಅದೂ ಚಿತ್ತಾರವೇ ಅಂದುಕೊಂಡಿದ್ದೆ," ಅಂದ ತಮು.

"ಸರಿಹೋಯ್ತು! ಕುದುರೆಗೆ ಹುಲ್ಲು ಹಾಕೋನನ್ನ ಕೇಳಿದ ಹಾಗಾಯ್ತು."

"ಮಿಕ್ಕಿದ್ದರಲ್ಲಿ ಏನು ಕಟ್ಟೋಳಿದ್ದಳು?"

"ನನ್ನ ಕೇಳಿದರೆ? ಅವಳನ್ನ ಕೇಳು."

ಅಷ್ಟರಲ್ಲಿ ಮಾಂತ್ರಿಕ ಬಂದ. "ಹೇಳು."

ತಮು ಗಂಟು ಬೀಳದ ನೂಲಿನ ಮೇಲೆ ಕೈಯಿಟ್ಟ.

"ನನಗೆ ಗೊತ್ತಿಲ್ಲ," ಅಂದ. "ಯಾರಿಗೂ ಗೊತ್ತಿಲ್ಲ. ಚಿತ್ತಾರ ಇನ್ನೂ ಆಗಿಯೇ ಇಲ್ಲ. ಕಟ್ಟುತ್ತಿದ್ದವಳನ್ನ ನೀನು ನಡುವೆಯೇ ನಿಲ್ಲಿಸಿದೆ."

ಕೋಲು ನಗಲಿಲ್ಲ. ಲಟಕ್ಕನೆ ಮುರಿಯಿತು. ಮಾಂತ್ರಿಕ ಬರೀ ಮುದುಕನಾಗಿ ನಿಂತ. ಹಾಪಜ್ಜಿ ಅವನ ತಲೆ ಮೇಲೆ ನೂಲು ಅದ್ದುವ ನೀಲಿ ಬಣ್ಣದ ಗಡಿಗೆ ಇಟ್ಟು, "ಹೊರು ನಡಿ," ಅಂದಳು. ಹೊತ್ತ.

ತಮುವಿನ ಕಾಲಿಗೆ ಬಿಸಿ ಬಂತು. ಕಾಹಿಯ ಬೆರಳು ಅಲುಗಿತು. ಬಿಟ್ಟಿದ್ದ ಗಂಟನ್ನು ಬಿಗಿದು ಮುಗಿಸಿ, ತಲೆ ಎತ್ತಿದಳು.

"ಏನು ಕಟ್ಟುತ್ತಿದ್ದೀ, ಕಾಹಿ?"

"ಇದೇನು, ಇವತ್ತು ಕೇಳ್ತಿದ್ದೀ!" ಅಂದಳು. "ಕೂತ್ಕೋ. ದೊಡ್ಡದಿದೆ."

ಕೂತ. ಅವಳು ಹೇಳಿದ್ದರಲ್ಲಿ ಅರ್ಧ ತಿಳಿಯಲಿಲ್ಲ. ಮಾರನೆಯ ದಿನ ಮತ್ತೆ ಕೇಳಿದ. ಹೀಗೆ ದಿನಾ ಕೇಳುತ್ತಾ, ದಿನಾ ಹೇಳುತ್ತಾ, ಅವರಿಬ್ಬರೂ ಆ ಊರೂ ಬಹುಕಾಲ ಸುಖವಾಗಿದ್ದರು.