ಯರಗಟ್ಟಿ ದಾರಿಯಲ್ಲಿ ನಿಂತ ಅಪ್ಪನ ಗಾಡಿ

"ಕಿಕ್ ಹೊಡಿಬ್ಯಾಡ್ರಿ! ಹೊಡದಷ್ಟೂ ಕೆಡ್ತೈತಿ."

ಉಮಾಶ್ರೀಯ ಕಾಲು ಕಿಕ್ಕರಿನ ಮೇಲೆಯೇ ನಿಂತುಬಿಟ್ಟಿತು. ತಿರುಗಿ ನೋಡಬೇಕಿರಲಿಲ್ಲ. ಅದು ಕಲ್ಮೇಶನ ದನಿ... ಎರಡು ವರ್ಷದ ಹಿಂದೆ ಅವಳ ಊರಾದ ಚಚಡಿಗೆ ಹೆಣ್ಣು ನೋಡಲು ಬಂದು, ಅವಳ ಮನಸ್ಸು ಗೆದ್ದು, ಆಮೇಲೆ ಬೇಡವೆಂದವನು!

ಅವನ ಗ್ಯಾರೇಜು ಕಂಡೊಡನೆ ಜೋರಾಗಿ ದಾಟಿಹೋಗಬೇಕೆಂದಿದ್ದಳು. ಗಾಡಿ ಕೆಮ್ಮುತ್ತ, ಜಗ್ಗುತ್ತ ನೂರು ಹೆಜ್ಜೆಯೂ ಹೋಗಲಿಲ್ಲ.

ಸಾಲಹಳ್ಳಿ ಆಸ್ಪತ್ರೆಯಲ್ಲಿ ನರ್ಸ್ ಕೆಲಸಕ್ಕೆ ಹಾಜರಾಗಲು ಇವತ್ತೇ ಕೊನೆಯ ದಿನ. ಬಸ್ಸು ತಪ್ಪಿತ್ತು. ಅಪ್ಪ ಶಂಕರೆಪ್ಪನಿಗೆ ಲಕ್ವಾ ಹೊಡೆದಂದಿನಿಂದ ದನದ ಕೊಟ್ಟಿಗೆಯಲ್ಲಿ ನಿಂತಿದ್ದ ಗಾಡಿಯನ್ನೇ ನಂಬಿ ಹೊರಟಿದ್ದಳು.

"ಚೋಕ್ ಎಳದ್ರ ಚಾಲೂ ಆಗ್ತೈತಿ... ಬಿಟ್ರ ಬಂದ್ ಆಗ್ತೈತಿ," ಅಂದಳು, ನೆಲ ನೋಡುತ್ತ.

ಕಲ್ಮೇಶ ಪೆಟ್ರೋಲ್ ಟಾಕಿಯ ಮುಚ್ಚಳ ತೆಗೆದು ಮೂಸಿದ.

"ಪೆಟ್ರೋಲ್ ಕೆಟ್ಟೈತ್ರಿ. ಕಾರ್ಬೊರೇಟರ್‌ದಾಗ ಅಂಟ್ ಆಗಿ ಕುಂತಿರ್ತೈತಿ."

ಹಳೆಯ ಪೆಟ್ರೋಲು ಚೆಲ್ಲಿದ. ಕಾರ್ಬೊರೇಟರ್ ಬಿಚ್ಚಿ, ಕೂದಲಿನಂಥ ತಂತಿಯಿಂದ ಪೆಟ್ರೋಲು ಹರಿಯುವ ಜೆಟ್ಟಿನ ಕಿಂಡಿ ಬಿಡಿಸಿ, ಊದಿ, ಹೊಸ ಪೆಟ್ರೋಲು ಹಾಕಿ ಕಿಕ್ ಹೊಡೆದ. ಗಾಡಿ ಗುರ್ರೆಂದಿತು! ಅವಳಿಗೆ ಜೀವ ಬಂದಂತಾಯಿತು.

ಎರಡೇ ನಿಮಿಷ... ಮತ್ತೆ ಸತ್ತುಹೋಯಿತು.

"ಟಾಕಿಯೊಳಗ ತುಕ್ಕೈತಿ. ಇಳಿಸಿ ತೊಳಿಯೂದ್ರಾಗ ಸಂಜಿ ಆಗ್ತೈತ್ರಿ. ನನ್ನ ಗಾಡಿ ಒಯ್ರಿ."

ಉಮಾಶ್ರೀ ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತಳು. ಅಪ್ಪನನ್ನು ಎಬ್ಬಿಸಿ ಕೂರಿಸಲೂ ಆಗಲಿಲ್ಲ, ಅಪ್ಪನ ಗಾಡಿ ನಡೆಸಲೂ ಆಗಲಿಲ್ಲ... ನನ್ನ ಕೈಲಿ ಏನೂ ಆಗುವುದಿಲ್ಲವೇ?

"ಬ್ಯಾಡ್ರಿ!" ಅಂದಳು ಅಳುತ್ತ. "ನನ್ನ ಬ್ಯಾಡ ಅಂದವರ ಗಾಡಿ ನನಗ್ಯಾಕ?"

ಅವನ ಕೈಯಿಂದ ನಟ್ಟು ಬಿಚ್ಚುವ ಪಾನಾ ಕೆಳಗೆ ಬಿತ್ತು.

"ಬ್ಯಾಡ ಅಂದವ್ರು ನೀವು! ಎಣ್ಣಿ ಮೆತ್ತಿದ ಕೈ ನಮ್ಮ ಹುಡುಗಿಗೆ ಹಿಡಸಲಿಲ್ಲ ಅಂತ ನಿಮ್ಮ ಸತ್ಯಪ್ಪ ಕಾಕಾನ ಬಂದು ಹೇಳಿದ್ರು."

"ನಾ ಹಂಗ ಅಂದಿಲ್ರೀ! ಅಪ್ಪ ಹಾಸಿಗಿ ಹಿಡದಾನ, ಒಂದ ವರ್ಷ ತಡೀರಿ ಅಂತ ಹೇಳಿ ಕಳಿಸಿದ್ನಿ. ನೀವ ಒಲ್ಲೆ ಅಂದ್ರಿ ಅಂತ ಕಾಕಾ ಬಂದು ಹೇಳಿದ..."

ಉಮಾಶ್ರೀಗೆ ಈಗ ಹೊಳೆಯಿತು. ಹಾಸಿಗೆ ಹಿಡಿದ ಅಣ್ಣನಿಗೆ ಇದ್ದವಳು ಮಗಳೊಬ್ಬಳೇ. ಅವಳು ಮದುವೆಯಾಗಿ ಹೋದರೆ ಆ ಭಾರ ತನ್ನ ಮೇಲೆ ಬೀಳುತ್ತದೆಂದು ಸತ್ಯಪ್ಪ ಎರಡೂ ಮನೆಗೆ ಸುಳ್ಳು ಹೇಳಿದ್ದ!

"ತಡೀರಿ ಅಂತ ಯಾರೂ ಹೇಳಲಿಲ್ಲ," ಅಂದ ಕಲ್ಮೇಶ ಮೆಲ್ಲಗೆ. "ಆದ್ರೂ ತಡದೇನ್ರಿ... ಇವತ್ತಿನ ತನಕ."

ಅವಳ ಎದೆ ತುಂಬಿ ಬಂತು. ಅವನು ಚಾಚಿದ ಕೀಲಿಕೈ ತೆಗೆದುಕೊಂಡಳು.

"ಅಪ್ಪನ್ನ ಬಿಟ್ಟು ನಾ ಎಲ್ಲಿಗೂ ಬರೂದಿಲ್ರಿ..."

"ಬಿಟ್ಟ ಬರ್ರಿ ಅಂದೋರ್ಯಾರು? ಗಾಡಿ ತಯಾರ್ ಮಾಡಿ ನಾನ ಬರ್ತೇನಿ. ಅವರನ್ನ ಕೇಳ್ತೇನಿ."

"ಅಪ್ಪ ಆಡೂ ಮಾತು ಯಾರಿಗೂ ತಿಳಿಯೂದಿಲ್ರಿ."

"ತಿಳಿಯೂ ತನಕಾ ಬಾಜೂಕ ಕುಂತಿರ್ತೇನಿ."

ಉಮಾಶ್ರೀ ಕಣ್ಣೊರೆಸಿಕೊಂಡಳು.

"ಹಂಗಾರ ಇವತ್ತ ಸಂಜಿಗೇ ಬರ್ರಿ... ಊಟ ನಮ್ಮನ್ಯಾಗ."